ಕೈಗೆ ಒಗ್ಗದ ಬೆರೆಟ್ಟಾ: ಟೆಕ್ಸಾಸ್‌ಗೆ ಬಂದ ಹೊಸಬರಿಗೆ

ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಮನೆಯವರು ಮೊದಲ ತಿಂಗಳು ಕೇಳುವುದು ಒಳ್ಳೆಯ ಶಾಲೆ ಯಾವುದು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಎಂದು. ಆರು ತಿಂಗಳು ಕಳೆದ ಮೇಲೆ, ಊಟ ಮುಗಿದು ಎಲೆಯಡಿಕೆ ತಟ್ಟೆ ಸುತ್ತುವ ಹೊತ್ತಿಗೆ, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಬರುತ್ತದೆ. "ನಿಮ್ಮ ಮನೆಯಲ್ಲಿ ಪಿಸ್ತೂಲು ಇದೆಯಂತೆ, ಹೌದೇ?"

ಇದೆ. ಬೆರೆಟ್ಟಾ 92ಎಫ್‌ಎಸ್. ಕೊಂಡವರು ನಮ್ಮ ಯಜಮಾನರು, ಬೈದವಳು ನಾನು. ಪ್ಲೇನೊ, ಫ್ರಿಸ್ಕೊ ಸುತ್ತಮುತ್ತ ಹದಿನೇಳು ವರ್ಷ ಕಳೆದಿದ್ದೇನೆ. ಆ ಪಿಸ್ತೂಲಿನ ವಿಷಯದಲ್ಲಿ ನಾವು ಮಾಡಿದ ತಪ್ಪುಗಳನ್ನು ನೀವು ಇನ್ನೊಮ್ಮೆ ಮಾಡುವುದು ಬೇಡವೆಂದು ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡುತ್ತೇನೆ. ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ವಕೀಲರಲ್ಲಿ ಕೇಳಿ, ಸಂಘದ ಊಟದ ಸಾಲಿನಲ್ಲಿ ಅಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, ಕೊಳ್ಳುವವರ ಅರ್ಹತೆ ಕೇಳುವ 4473 ಸಂಖ್ಯೆಯ ನಮೂನೆ ತುಂಬಬೇಕು. ಗುರಿಯಿಟ್ಟು ಹೊಡೆಯುವ ಅಭ್ಯಾಸಕ್ಕೆ ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜಿಗೂ ಇದೇ ಕಾನೂನು ಅನ್ವಯಿಸುತ್ತದೆ. ಎಚ್-1ಬಿ ಕಾಲದಲ್ಲಿ ನಮ್ಮವರು ಸಹೋದ್ಯೋಗಿಗಳ ಜೊತೆ ಹುರುಪಿನಿಂದ ಹೋಗಿ, ಕೌಂಟರಿನಿಂದಲೇ ಹಿಂದಿರುಗಿ, ಇಡೀ ವಾರ ಮುಖ ಊದಿಸಿಕೊಂಡಿದ್ದರು. ಕೌಂಟರಿನ ಆ ಹುಡುಗ ನಮ್ಮ ಮನೆತನಕ್ಕೆ ಮಾಡಿದ ಉಪಕಾರ ಎಂಥದ್ದೆಂದು ತಿಳಿಯಲು ವರ್ಷಗಳೇ ಬೇಕಾದವು.

ಗ್ರೀನ್ ಕಾರ್ಡ್ ಬಂದ ತಿಂಗಳೇ ಬೆರೆಟ್ಟಾ ಮನೆಗೆ ಬಂತು. ನಾವು ಒಂದು ಪ್ರೆಷರ್ ಕುಕ್ಕರ್ ಕೊಳ್ಳಬೇಕಾದರೂ ನಾಲ್ಕು ಅಂಗಡಿ ಸುತ್ತಿ, ಮುಚ್ಚಳ ತಿರುಗಿಸಿ, ಅಕ್ಕತಂಗಿಯರಿಗೆ ಫೋನು ಮಾಡುವ ಜನ. ಪಿಸ್ತೂಲನ್ನು ಮಾತ್ರ ಹೆಸರು ಕೇಳಿ ತಂದರು. ಹೆಸರೇನೋ ದೊಡ್ಡದೇ. ಇಟಲಿಯ ಬೆರೆಟ್ಟಾ ಮನೆತನ 1526ರಲ್ಲಿ ವೆನಿಸ್‌ನ ಶಸ್ತ್ರಾಗಾರಕ್ಕೆ ಬಂದೂಕಿನ ನಳಿಗೆ ಮಾರಿದ ಲೆಕ್ಕ ಇಂದಿಗೂ ಇದೆ. "ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲದಿಂದ ಇವರಿಗೆ ಇದೇ ಕಸುಬು" ಎಂದು ನಮ್ಮವರು ಬಂದವರಿಗೆಲ್ಲ ಹೇಳುತ್ತಿದ್ದರು. 1985ರಲ್ಲಿ ಅಮೆರಿಕದ ಸೇನೆ ಇದೇ ಪಿಸ್ತೂಲನ್ನು ಎಂ9 ಎಂಬ ಹೆಸರಿನಲ್ಲಿ ಆರಿಸಿಕೊಂಡಿತು. ಹಾಲಿವುಡ್ ನಾಯಕರ ಕೈಯಲ್ಲಿ ಅದನ್ನು ನೋಡಿ ಬೆಳೆದವರಿಗೆ ಇನ್ನೇನು ಬೇಕು?

ಮೆಚ್ಚುವವರು ಸುಮ್ಮನೆ ಮೆಚ್ಚುವುದಿಲ್ಲ, ಅದನ್ನು ಒಪ್ಪುತ್ತೇನೆ. ಹೆಚ್ಚಿನ ಪಿಸ್ತೂಲುಗಳಲ್ಲಿ ಗುಂಡು ಹಾರಿದಾಗ ನಳಿಗೆಯ ಹಿಂಬದಿ ತುಸು ಕೆಳಕ್ಕೆ ವಾಲುತ್ತದೆ. ಇದರಲ್ಲಿ ನಳಿಗೆ ವಾಲುವುದಿಲ್ಲ, ನೇರ ಹಿಂದಕ್ಕೆ ಸರಿಯುತ್ತದೆ. ಕೆಳಗಿರುವ ಒಂದು ಉಕ್ಕಿನ ತುಂಡು ಇಳಿದು ಬೀಗ ಬಿಡಿಸುತ್ತದೆ. ಜರ್ಮನಿಯ ವಾಲ್ಟರ್ ಪಿ38ರಿಂದ ಬಂದ ಉಪಾಯ ಅದು. ನಳಿಗೆಯನ್ನು ಹೊದ್ದು ಹಿಂದೆಮುಂದೆ ಸರಿಯುವ ಕವಚಕ್ಕೆ ಸ್ಲೈಡು ಎನ್ನುತ್ತಾರೆ. ಅದರ ಮೇಲ್ಭಾಗ ತೆರೆದೇ ಇರುವುದರಿಂದ, ಗುಂಡು ಹಾರಿದ ಮೇಲೆ ಹೊರಚಿಮ್ಮುವ ಖಾಲಿ ತೋಟಾ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಸ್ಲೈಡನ್ನು ಎಳೆದು ನೋಡಿ, ಎಣ್ಣೆ ಬಿಟ್ಟ ಬಾವಿಯ ರಾಟೆಯಂತೆ ಸದ್ದಿಲ್ಲದೆ ಜಾರುತ್ತದೆ. ಖಾಲಿಯಿದ್ದಾಗಲೇ ತೂಕ ಕಿಲೋಗೆ ಹತ್ತಿರ, 15 ಗುಂಡು ತುಂಬಿದರೆ ಕಿಲೋ ದಾಟುತ್ತದೆ. ಆ ಭಾರವೇ ಒದೆತವನ್ನು ನುಂಗುತ್ತದೆ. ಒಂದು ಲಿವರ್ ತಿರುಗಿಸಿದರೆ ಸ್ಲೈಡು ಕಳಚಿ ಕೈಗೆ ಬರುವುದರಿಂದ, ಭಾನುವಾರ ಹಳೆಯ ಪಂಚೆ ಹಾಸಿಕೊಂಡು ಬಿಚ್ಚಿ ಒರೆಸುವ ಗಂಡಸರಿಗೆ ಅದೊಂದು ಸಂಧ್ಯಾವಂದನೆ.

ಇನ್ನು ನನ್ನ ಪಾಡು. ನನ್ನ ಕೊರಳ ಕೆಳಗೆ ಅಕ್ಕಿಕಾಳಿನಷ್ಟು ಸುಟ್ಟ ಕಲೆ ಇದೆ. ಮೊದಲ ಸಲ ರೇಂಜಿಗೆ ಹೋದ ದಿನ ಅಗಲ ಕತ್ತಿನ ಕುರ್ತಾ ಹಾಕಿದ್ದೆ. ಮೊದಲ ಗುಂಡಿಗೆ ಟ್ರಿಗರ್ ಎಳೆಯುವುದೆಂದರೆ ತುಂಬಿದ ಕೊಡವನ್ನು ಒಂದೇ ಬೆರಳಿನಲ್ಲಿ ಎತ್ತಿದಂತೆ, ಐದು ಕಿಲೋ ಮೀರಿದ ಎಳೆತ. ಹಾಗೂ ಹೀಗೂ ಎಳೆದೆ, ಗುಂಡು ಹಾರಿತು. ಖಾಲಿ ತೋಟಾ ಬಲಗಡೆಯ ಹಲಗೆಗೆ ಬಡಿದು ತಿರುಗಿ ಬಂದು ಕುರ್ತಾದೊಳಗೆ ಬಿತ್ತು. ಒಗ್ಗರಣೆಯ ಸಾಸಿವೆ ಸಿಡಿದರೆ ಕೈ ಕೊಡವಿಕೊಳ್ಳಬಹುದು, ಇದು ಒಳಗೇ ಕುಳಿತು ಸುಡುತ್ತಿತ್ತು. ಚೀರುತ್ತಾ ತಿರುಗಿದೆ, ಪಿಸ್ತೂಲು ಹಿಡಿದುಕೊಂಡೇ, ಬೆರಳು ಟ್ರಿಗರ್ ಮೇಲೆಯೇ. ಮೇಲ್ವಿಚಾರಕ ನನ್ನ ಮಣಿಕಟ್ಟನ್ನು ಹಿಡಿದು ಗುರಿಹಲಗೆಯ ಕಡೆಗೇ ಒತ್ತಿ ನಿಲ್ಲಿಸಿದ. ಬೈಯಲಿಲ್ಲ. ಅವನ ಮುಖ ಮಾತ್ರ ಸುಣ್ಣದಂತಾಗಿತ್ತು.

ಅವನ ಮುಖ ಹಾಗೇಕಾಯಿತು ಎಂಬುದೇ ಈ ಪಿಸ್ತೂಲಿನ ಮೇಲಿನ ದೊಡ್ಡ ದೂರು. ಮೊದಲ ಗುಂಡು ಹಾರಿದ ಮೇಲೆ ಹ್ಯಾಮರ್, ಅಂದರೆ ಬಡಿದು ಗುಂಡು ಸಿಡಿಸುವ ಪುಟ್ಟ ಸುತ್ತಿಗೆ, ಹಿಂದಕ್ಕೆ ಬಾಗಿ ನಿಂತಿರುತ್ತದೆ, ಎರಡನೆಯದಕ್ಕೆ ಎರಡು ಕಿಲೋ ಚಿಲ್ಲರೆ ಎಳೆತ ಸಾಕು. ಐದು ಕಿಲೋ ಎಳೆದು ದಣಿದ ಬೆರಳಿಗೆ ಅದು ಎಳೆದಂತೆಯೇ ಅನ್ನಿಸುವುದಿಲ್ಲ. ಒಂದೇ ಆಯುಧ, ಎರಡು ಸ್ವಭಾವ. ಮೊದಲ ಗುಂಡು ಕೆಳಗೆ, ಎರಡನೆಯದು ನೀವು ಸಿದ್ಧರಾಗುವ ಮೊದಲೇ ಎಲ್ಲಿಗೋ. ಭಾರದ ಮೊದಲ ಎಳೆತವೇ ಕಾವಲು, ಗಾಬರಿಯಲ್ಲಿ ಗುಂಡು ಹಾರುವುದನ್ನು ಅದು ತಡೆಯುತ್ತದೆ, ಕಲಿತರೆ ಬರುತ್ತದೆ ಎನ್ನುತ್ತಾರೆ ಅಭಿಮಾನಿಗಳು. ಸರಿ. ನಮ್ಮಲ್ಲಿ ಎಷ್ಟು ಮಂದಿ ಕಲಿಯುವಷ್ಟು ಸಲ ಹೋಗುತ್ತೇವೆ? ಸಂಗೀತದ ಕ್ಲಾಸಿಗೆ ಮಕ್ಕಳನ್ನು ಕರೆದೊಯ್ಯುವುದರಲ್ಲೇ ಶನಿವಾರ ಮುಗಿದಿರುತ್ತದೆ. ಹ್ಯಾಮರಿನ ಸ್ಪ್ರಿಂಗ್ ತೆಗೆದು 'ಡಿ' ಸ್ಪ್ರಿಂಗ್ ಎಂಬ ಮೆದುವಾದದ್ದನ್ನು ಹಾಕಿಸಿದರೆ ಎಳೆತ ಹಗುರವಾಗುತ್ತದೆ. ಅದು ನಮಗೆ ತಿಳಿದದ್ದು ಮೂರು ವರ್ಷದ ನಂತರ.

ಎರಡನೆಯ ದೂರು ಹಿಡಿಯದು. ಎರಡು ಸಾಲು ಗುಂಡು ಕೂರಬೇಕಾದ್ದರಿಂದ ಹಿಡಿ ದಪ್ಪ, ಟ್ರಿಗರ್ ದೂರ. ನನ್ನ ತೋರುಬೆರಳ ತುದಿ ಅದನ್ನು ಮುಟ್ಟಿದರೆ ಹೆಚ್ಚು. ಚೆನ್ನಾಗಿ ಎಟುಕಲೆಂದು ಹಿಡಿತ ತಿರುಚಿದರೆ ಗುಂಡು ಎಡಕ್ಕೆ. ಅಂಗಡಿಯಲ್ಲಿ ಒಮ್ಮೆ ನನ್ನ ಕೈಗೆ ಕೊಟ್ಟು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬಳೆಯ ಅಂಗಡಿಯವನೂ ಕೈ ನೋಡದೆ ಬಳೆ ಕೊಡುವುದಿಲ್ಲ. ಕಂಪನಿಗೂ ಇದು ತಿಳಿಯದ್ದೇನಲ್ಲ. ವರ್ಟೆಕ್ ಎಂಬ ನೇರ, ತೆಳು ಹಿಡಿಯ ಮಾದರಿಗಳನ್ನು ಆಮೇಲೆ ತಂದಿತು.

ಮೂರನೆಯದು ಸ್ಲೈಡಿನ ಮೇಲೆಯೇ ಇರುವ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಲಿವರ್. ಮೇಲಿನಿಂದ ಹಿಡಿದು ಸ್ಲೈಡ್ ಎಳೆದರೆ ನಿಮಗೆ ಅರಿವಿಲ್ಲದೆ ಲಿವರ್ ಕೆಳಗೆ ಬೀಳುತ್ತದೆ, ಟ್ರಿಗರ್ ಸತ್ತ ಹಲ್ಲಿಯ ಬಾಲದಂತೆ ಜೋತಾಡುತ್ತದೆ. ಹೊಸ ಪಿಸ್ತೂಲು ಕೆಟ್ಟುಹೋಯಿತೆಂದು ಅಂಗಡಿಗೆ ಒಯ್ದು ನಗೆಪಾಟಲಾದವರು ನಾವೇ. ಲಿವರನ್ನು ಮೇಲಕ್ಕೆ ತಳ್ಳಿ ಕೈಗಿತ್ತರು, ಅಷ್ಟೇ. ಕೆಳಗೆ ಒತ್ತಿದರೆ ಹ್ಯಾಮರನ್ನು ಕ್ಷೇಮವಾಗಿ ಇಳಿಸುವ, ಆದರೆ ಸೇಫ್ಟಿಯಾಗಿ ನಿಲ್ಲದ 'ಜಿ' ಮಾದರಿಯನ್ನೇ ಅನೇಕರು ಬಯಸುವುದು ಈ ಕಾರಣಕ್ಕೆ.

1980ರ ದಶಕದಲ್ಲಿ ಸೇನೆಯ ಕೆಲವು ಪಿಸ್ತೂಲುಗಳ ಸ್ಲೈಡು ಬಿರಿದು ಹಿಂದಕ್ಕೆ ಚಿಮ್ಮಿ ಹೊಡೆಯುವವರಿಗೇ ಗಾಯವಾದದ್ದನ್ನು ಹಳಬರು ಈಗಲೂ ಎತ್ತಿ ಆಡುತ್ತಾರೆ. ಒಡೆದರೂ ಸ್ಲೈಡು ಹಿಂದಕ್ಕೆ ಹಾರದಂತೆ ಹ್ಯಾಮರಿನ ಪಿನ್ನಿನ ತಲೆಯನ್ನು ದೊಡ್ಡದು ಮಾಡಿ ತಂದದ್ದೇ ನಮ್ಮಲ್ಲಿರುವ 'ಎಫ್‌ಎಸ್' ಮಾದರಿ. ಆದ್ದರಿಂದ ಆ ಮಾತಿಗೆ ಹೆದರಬೇಡಿ. ರೇಂಜಿನಲ್ಲಿ ನಮ್ಮ ಪಕ್ಕದ ಸಾಲಿಗೆ ಬರುವ ನಿವೃತ್ತ ಸೈನಿಕರೊಬ್ಬರದು ಬೇರೆಯೇ ಸಿಟ್ಟು. ಇರಾಕಿನ ಮರಳು ಗುಂಡು ತುಂಬುವ ಡಬ್ಬಿಯ, ಅಂದರೆ ಮ್ಯಾಗಜಿನ್ನಿನ, ಒಳಗೆ ಹೊಕ್ಕು ಗುಂಡುಗಳು ಮೇಲೇರುತ್ತಲೇ ಇರಲಿಲ್ಲವಂತೆ. ಪಿಸ್ತೂಲಿನ ತಪ್ಪಲ್ಲ, ಅಗ್ಗದ ಮ್ಯಾಗಜಿನ್ನಿನ ಒರಟು ಲೇಪದ ತಪ್ಪು ಎಂದು ನಮ್ಮವರು ವಾದಿಸುತ್ತಾರೆ. ಆ ಸೈನಿಕರು ನಕ್ಕು ತಮ್ಮ ಗ್ಲಾಕ್ 17 ಪಿಸ್ತೂಲನ್ನು ಎತ್ತಿ ತೋರಿಸುತ್ತಾರೆ. ಬೆರೆಟ್ಟಾದ ಮೂರನೇ ಎರಡರಷ್ಟು ತೂಕ, 17 ಗುಂಡು, ಪ್ರತಿ ಸಲವೂ ಒಂದೇ ಬಗೆಯ ಎಳೆತ. ಸೇನೆಯೂ 2017ರಲ್ಲಿ ಎಂ9 ಬಿಟ್ಟು ಸಿಗ್ ಸಾವರ್ ಕಂಪನಿಯ ಪಿಸ್ತೂಲಿಗೆ ಹೊರಳಿತು. ಅಂದಿನಿಂದ ನಮ್ಮವರ ವಾದದಲ್ಲಿ ಕೊಂಚ ಕೀರಲು ಸೇರಿದೆ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಮನೆಯ ಜಗುಲಿಯಲ್ಲಿ, ಕೊಡೆ ಮತ್ತು ಕಂಬಳಿಕೊಪ್ಪೆಯ ನಡುವೆ, ಅಪ್ಪಯ್ಯನ ಒಂಟಿ ನಳಿಗೆಯ ಕೋವಿ ತೂಗುತ್ತಿತ್ತು. ಬೆಳೆ ರಕ್ಷಣೆಯ ಲೈಸೆನ್ಸು. ಮಂಗ ಬಂದರೆ ಆಕಾಶಕ್ಕೊಂದು ಈಡು, ಅಲ್ಲಿಗೆ ಮುಗಿಯಿತು. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಜಮಾ ಮಾಡಿ ರಶೀದಿ ತರಬೇಕಿತ್ತು. "ಚುನಾವಣೆ ಬಂತೆಂದು ಮಂಗಗಳಿಗೆ ಹೇಳುವವರು ಯಾರು?" ಎಂದು ಅಪ್ಪಯ್ಯ ಪ್ರತಿ ಸಲವೂ ಗೊಣಗುತ್ತಿದ್ದರು. ಕತ್ತಿ, ಗುದ್ದಲಿಗಳಂತೆ ಕೋವಿಯೂ ಒಂದು ಸಲಕರಣೆ. ಆ ನೆನಪನ್ನೇ ಇಲ್ಲಿಗೂ ಹೊತ್ತು ತಂದಿದ್ದೆ. ಬಂದೂಕು ಕಂಡು ಬೆಳೆದವಳು, ನನಗೇನು ಹೊಸದು ಎಂಬ ಜಂಬ. ಮಂಗ ಬೆದರಿಸುವ ಕೋವಿಯೇ ಬೇರೆ, ಮನುಷ್ಯನಿಗೆಂದೇ ಮಾಡಿದ ಪಿಸ್ತೂಲೇ ಬೇರೆ ಎಂದು ಅರ್ಥವಾದದ್ದು ಅಪ್ಪಯ್ಯನಿಗೆ ಫೋನು ಮಾಡಿದಾಗ. ಹೆಸರು ಹೇಳಿದೆ. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗಾಂಧಿಯನ್ನು ಕೊಂದದ್ದು ಅದೇ ಕಂಪನಿಯದಲ್ಲವೇ ಮಗಳೇ?" ಎಂದರು.

ಹೌದು. 1948ರ ಜನವರಿ 30ರಂದು ಗೋಡ್ಸೆಯ ಕೈಯಲ್ಲಿದ್ದದ್ದು ಬೆರೆಟ್ಟಾ, 1934ರ ಮಾದರಿ. ಅದು ಸಣ್ಣ ಪಿಸ್ತೂಲು, ನಮ್ಮದು ಬೇರೆ ಎಂದು ವಿವರಿಸತೊಡಗಿದೆ. ಅಪ್ಪಯ್ಯ ಮಳೆಯ ವಿಷಯ ತೆಗೆದರು.

ಆಯುಧಪೂಜೆಯ ದಿನ ಕಾರು, ಲ್ಯಾಪ್‌ಟಾಪ್, ಮಿಕ್ಸಿ, ಈಳಿಗೆಮಣೆಗಳ ಜೊತೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದೆವು, ಗುಂಡು ತೆಗೆದು. 2022ರವರೆಗೆ. ಆ ವರ್ಷ ಮೇ 24ರಂದು ನಮ್ಮದೇ ರಾಜ್ಯದ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಒಬ್ಬ ಗುಂಡಿಟ್ಟು ಕೊಂದ. ಅಲ್ಲಿ ಬಳಕೆಯಾದದ್ದು ರೈಫಲ್. ಆ ವ್ಯತ್ಯಾಸ ನನ್ನ ಮಗಳಿಗೆ ಬೇಕಿರಲಿಲ್ಲ. ಒಂದನೇ ತರಗತಿಯಿಂದ ದೀಪ ಆರಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ತಾಲೀಮು ಮಾಡಿ ಬೆಳೆದ ಹುಡುಗಿ ಅವಳು. ಆ ನವರಾತ್ರಿಯಲ್ಲಿ ಆರತಿ ತಟ್ಟೆ ಹಿಡಿದು ಬಂದವಳು ಪಿಸ್ತೂಲು ಕಂಡು ಅಲ್ಲೇ ನಿಂತಳು. "ಅಮ್ಮಾ, ಅದು ಇಲ್ಲಿದ್ದರೆ ನಾನು ಇರುವುದಿಲ್ಲ" ಎಂದಳು. ಅಜ್ಜನ ಕೋವಿಯ ಕಥೆ ಹೇಳಬಹುದಿತ್ತು, ಮಾರ್ನಮಿಯ ಮಹತ್ವ ಹೇಳಬಹುದಿತ್ತು. ಬಾಯಿ ಬರಲಿಲ್ಲ. ನಮ್ಮವರೇ ಎದ್ದು ಅದನ್ನು ಒಳಗಿಟ್ಟು ಬಂದರು. ನಾನು ಕಂಡ ಜಗುಲಿ ಅವಳಿಗೆ ಸಿಗಲಿಲ್ಲ, ಅವಳು ಕಂಡ ಕತ್ತಲೆಯ ಮೂಲೆ ನನಗೆ ಗೊತ್ತಿಲ್ಲ.

ಆದ್ದರಿಂದ ಇಟ್ಟುಕೊಳ್ಳುವುದಾದರೆ ಬೀಗದ ಪೆಟ್ಟಿಗೆಯಲ್ಲಿಡಿ, ಬೀರುವಿನ ಸೀರೆಗಳ ಕೆಳಗಲ್ಲ. ಸೀರೆಯ ಕೆಳಗೆ ಏನಿದೆ ಎಂದು ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. 17 ವರ್ಷದೊಳಗಿನ ಮಗುವಿನ ಕೈಗೆ ಸಿಗುವಂತೆ ತುಂಬಿದ ಬಂದೂಕನ್ನು ಅಜಾಗರೂಕತೆಯಿಂದ ಬಿಡುವುದು ಟೆಕ್ಸಾಸ್‌ನಲ್ಲಿ ಅಪರಾಧ. ಕನ್ನಡ ಕಲಿಕೆಯ ತರಗತಿಗಳು ಶಾಲೆಯ ಕಟ್ಟಡದಲ್ಲಿ ನಡೆಯುತ್ತಿದ್ದರೆ ಅದರೊಳಗೆ ಒಯ್ಯುವ ಮಾತೇ ಇಲ್ಲ. ಹೇಗೂ ಗೇಣುದ್ದದ ಈ ಪಿಸ್ತೂಲನ್ನು ಸಲ್ವಾರಿನಲ್ಲಿ ಅಡಗಿಸಿಕೊಂಡು ನಡೆಯುವುದು ಆಗದ ಕೆಲಸ, ಗಂಡಸರ ಅಂಗಿಯಲ್ಲೂ ಉಬ್ಬಿ ಕಾಣುತ್ತದೆ. ಮಕ್ಕಳನ್ನು ಆಡಲು ಬೇರೆ ಮನೆಗೆ ಕಳುಹಿಸುವಾಗ ಅಲ್ಲಿ ಬಂದೂಕಿದೆಯೇ, ಬೀಗ ಹಾಕಿದೆಯೇ ಎಂದು ಕೇಳಲು ಸಂಕೋಚ ಬೇಡ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಯಾವ ಸಂಕೋಚವೂ ಇಲ್ಲದೆ ಕೇಳುವ ಜನ ನಾವು. ಇದಕ್ಕೇಕೆ ನಾಚಿಕೆ?

ಇನ್ನೊಂದು ತಪ್ಪು ಕೂದಲೆಳೆಯಲ್ಲಿ ತಪ್ಪಿತು. ರೇಂಜಿಗೆ ಒಯ್ಯುವ ಚೀಲವನ್ನೇ ಊರಿಗೆ ಹೊರಟಾಗ ಚಕ್ಕುಲಿ ಡಬ್ಬಿ ತರಲೆಂದು ಮಡಚಿ ಸೂಟ್‌ಕೇಸಿಗೆ ತುರುಕಿದ್ದೆ. ಕೊನೆಯ ರಾತ್ರಿ ಏನೋ ಅನುಮಾನ ಬಂದು ಕೊಡವಿದರೆ ಹೊಲಿಗೆಯ ಸಂದಿಯಿಂದ 9 ಎಂಎಂ ಗುಂಡೊಂದು ಟಣ್ಣೆಂದು ನೆಲಕ್ಕೆ ಬಿತ್ತು. ಭಾರತದಲ್ಲಿ ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯರು ಇಟ್ಟುಕೊಳ್ಳಬಾರದ ಅಳತೆಯ ಗುಂಡು. ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದರೆ ಅಮ್ಮನ ಕೈಯ ಚಕ್ಕುಲಿಯ ಬದಲು ಶಸ್ತ್ರಾಸ್ತ್ರ ಕಾಯ್ದೆಯ ಮೊಕದ್ದಮೆ. ಆ ಚೀಲದ ಮೇಲೆ ಈಗ ಕೆಂಪು ದಾರದಲ್ಲಿ ದೊಡ್ಡದಾಗಿ ಒಂದು ಗುರುತು ಹೊಲಿದಿದ್ದೇನೆ.

ಬೆರೆಟ್ಟಾ ಈಗಲೂ ಪೆಟ್ಟಿಗೆಯಲ್ಲಿದೆ, ಮಾರಲು ನಮ್ಮವರಿಗೆ ಮನಸ್ಸಿಲ್ಲ. 5,000 ಗುಂಡಿಗೊಮ್ಮೆ ಬದಲಿಸಬೇಕಾದ ಸ್ಪ್ರಿಂಗ್ ಕೂಡ ತಂದಿಟ್ಟಿದ್ದಾರೆ, ಹೊಡೆದದ್ದು ಸಾವಿರವೂ ಆಗಿಲ್ಲ. ಕೊಳ್ಳುವ ಯೋಚನೆಯಲ್ಲಿರುವವರು, ಗ್ರೀನ್ ಕಾರ್ಡ್ ಬಂದಿದ್ದರೆ, ಒಂದು ಶನಿವಾರ ನಮ್ಮ ಜೊತೆ ರೇಂಜಿಗೆ ಬನ್ನಿ. ಗಂಡಹೆಂಡತಿ ಇಬ್ಬರೂ ಹಿಡಿದು ನೋಡಿ. ಕತ್ತು ಮುಚ್ಚುವ ಅಂಗಿ ಹಾಕಿಕೊಂಡು ಬನ್ನಿ.