ಆರು ಮರಿಯಿಂದ ಒಂದು ಆಸ್ಕರ್ ಜೋಡಿ

ಮನೆಯ ಟ್ಯಾಂಕಿನಲ್ಲಿ ಸಾಕುವ ಆಸ್ಕರ್ ಮೀನಿನಲ್ಲಿ ಮೇಲಿನಿಂದ ನೋಡಿ ಗಂಡು ಹೆಣ್ಣು ಹೇಳಲು ಬರುವುದಿಲ್ಲ. ಟೈಗರ್ ತಳಿ ಇರಲಿ, ಅಲ್ಬಿನೋ ತಳಿ ಇರಲಿ, ಬಣ್ಣವಾಗಲಿ ರೆಕ್ಕೆಯ ಉದ್ದವಾಗಲಿ ಗುರುತಲ್ಲ. ಹುಬ್ಬಳ್ಳಿಯ ಅಂಗಡಿಗಳಲ್ಲಿ ‘ಪಕ್ಕಾ ಜೋಡಿ ಐತ್ರಿ’ ಎಂದು ತೋರಿಸುವುದು ಬಹಳ ಸಲ ಒಂದೇ ತೊಟ್ಟಿಯಲ್ಲಿ ಬೆಳೆದ ಎರಡು ದೊಡ್ಡ ಮೀನು, ಅಷ್ಟೇ. ತತ್ತಿ ಇಟ್ಟಿವೆ ಅಂದರೂ ನಂಬುವ ಹಾಗಿಲ್ಲ. ಎರಡು ಹೆಣ್ಣು ಕೂಡಿಕೊಂಡೂ ಕಲ್ಲು ತಿಕ್ಕಿ ತತ್ತಿ ಇಡುತ್ತವೆ. ಅವುಗಳ ಮರಿ ನೋಡದೆ ಜೋಡಿಯ ದರ ಕೊಡಬೇಡಿ.

ನಾನು ಎರಡು-ಮೂರು ಇಂಚಿನ ಆರು ಮರಿ ತರುತ್ತೇನೆ. ಒಂದೇ ತಾಯಿಯವು ಜೋಡಿಯಾಗದಿರಲಿ ಎಂದು ಮೂರು ಒಂದು ಕಡೆಯಿಂದ, ಮೂರು ಇನ್ನೊಂದು ಕಡೆಯಿಂದ. ಗಂಡು ಹೆಣ್ಣು ಸಮ ಹುಟ್ಟುತ್ತವೆ ಎಂದು ಹಿಡಿದರೆ, ಆರರಲ್ಲಿ ಎರಡೂ ಸಿಗುವ ಸಂಭವ ಶೇ. 96ಕ್ಕೂ ಮೇಲೆ, ನಾಲ್ಕೇ ತಂದರೆ ಶೇ. 87ಕ್ಕೆ ಇಳಿಯುತ್ತದೆ. ಕಿವಿರಿನ ಮುಚ್ಚಳ ಮಡಚಿದ್ದು, ತಲೆಯ ಮೇಲೆ ಗುಳಿ ಬಿದ್ದದ್ದು, ಬಾಯಿ ಸೊಟ್ಟಗಿದ್ದದ್ದು ಬೇಡವೇ ಬೇಡ.

ಐದು ಇಂಚಿನವರೆಗೆ ನಾಲ್ಕಡಿ ಟ್ಯಾಂಕ್ ನಡೆಯುತ್ತದೆ. ಆಮೇಲೆ ಆರೂ ಒಟ್ಟಿಗಿರಲು 6×2×2 ಅಡಿ, ಅಂದರೆ ಸುಮಾರು 680 ಲೀಟರ್ ಬೇಕು. ವಾರಕ್ಕೆ ಶೇ. 40 ನೀರು ಬದಲಿಸುತ್ತೇನೆ. ಮಲಪ್ರಭೆಯ ನಲ್ಲಿ ನೀರನ್ನು ಡ್ರಮ್ಮಿನಲ್ಲಿ ಏರ್ ಪಂಪ್ ಹಚ್ಚಿ ಒಂದು ದಿನ ಇಟ್ಟು, ಆಂಟಿ-ಕ್ಲೋರಿನ್ ಹಾಕಿಯೇ ಬಿಡುವುದು. ಧಾರವಾಡದ ಚಳಿಗಾಲದ ರಾತ್ರಿಗೆ ಹೀಟರ್ ಬೇಕೇ ಬೇಕು. 27-28 ಡಿಗ್ರಿ ಇರಲಿ.

ಒಂದು ವರ್ಷದ ಆಸುಪಾಸು, ಏಳೆಂಟು ಇಂಚು ಆದಾಗ ನಿಜವಾದ ಆಯ್ಕೆ ಶುರು. ಅದನ್ನು ಮೀನುಗಳೇ ಮಾಡಲಿ. ಎರಡು ಮೀನು ಒಂದು ಮೂಲೆ ಹಿಡಿದು ಉಳಿದ ನಾಲ್ಕನ್ನು ಅತ್ತ ಅಟ್ಟುತ್ತವೆ. ಅಕ್ಕಪಕ್ಕ ನಿಂತು ಮೈ ನಡುಗಿಸುತ್ತವೆ, ಬಾಲದಿಂದ ಒಂದಕ್ಕೊಂದು ನೀರು ಹೊಡೆಯುತ್ತವೆ, ಬಾಯಿಗೆ ಬಾಯಿ ಕಚ್ಚಿ ಜಗ್ಗಾಡುತ್ತವೆ. ಈ ಜಗ್ಗಾಟಕ್ಕೆ ಹೆದರಬೇಡಿ, ಬಿಟ್ಟ ಮೇಲೆ ಏನಾಗುತ್ತದೆ ನೋಡಿ. ಮತ್ತೆ ಪಕ್ಕಕ್ಕೆ ಬಂದು ನಿಂತರೆ ಶುಭ. ಒಂದು ಮೇಲಿನ ಮೂಲೆಯಲ್ಲಿ ರೆಕ್ಕೆ ಮಡಚಿ ಅವಿತು ಕೂತು ಊಟಕ್ಕೂ ಬಾರದಿದ್ದರೆ ಅದು ಜೋಡಿಯಲ್ಲ, ಬರೀ ಏಟು. ಅದೇ ದಿನ ಬೇರೆ ಮಾಡಿ. ಒಂದೆರಡು ವಾರ ಒಟ್ಟಿಗೇ ಉಳಿದು, ಒಂದೇ ಕಲ್ಲನ್ನು ಇಬ್ಬರೂ ಬಾಯಿಂದ ತಿಕ್ಕತೊಡಗಿದ ಮೇಲಷ್ಟೇ ಉಳಿದವನ್ನು ತೆಗೆಯುತ್ತೇನೆ. ಅವಸರದಲ್ಲಿ ತೆಗೆದರೆ ಅಟ್ಟಲು ಬೇರೆ ಮೀನಿಲ್ಲದೆ ಗಂಡು ಹೆಣ್ಣಿನ ಮೇಲೆಯೇ ಬೀಳುತ್ತದೆ.

ಅನುಮಾನವಿದ್ದರೆ ಹೊಟ್ಟೆಯಡಿ ನೋಡಬಹುದು. ಒದ್ದೆ ಬಟ್ಟೆಯಲ್ಲಿ ಅಂಗಾತ ಹಿಡಿಯಿರಿ, ಹತ್ತು ಸೆಕೆಂಡು ಸಾಕು. ಗುದದ್ವಾರದ ಹಿಂದಿರುವ ಎರಡನೆಯ ರಂಧ್ರ ಗಂಡಿನಲ್ಲಿ ಸಣ್ಣದು, ಚೂಪು. ಹೆಣ್ಣಿನಲ್ಲಿ ಅಗಲ, ಮೊಂಡು. ಆರು ಇಂಚಿನೊಳಗಿನ ಮೀನಿಗೆ ಇದನ್ನು ಮಾಡಿ ಪ್ರಯೋಜನವಿಲ್ಲ. ತತ್ತಿಗೆ ಒಂದೆರಡು ದಿನ ಮುಂಚೆ ಹೆಣ್ಣಿನ ದಪ್ಪ ಕೊಳವೆ ಹೊರಗೇ ಇಳಿಯುತ್ತದೆ, ಆಗ ಮುಟ್ಟುವ ಕೆಲಸವೇ ಇಲ್ಲ.

ತತ್ತಿಗೆ ಚಪ್ಪಟೆ ಕಲ್ಲು ಬೇಕು. ಶಹಾಬಾದ ಫರಸಿಯ ಮೇಲೆ ನಿಂಬೆರಸ ಬಿಟ್ಟರೆ ಗುಳ್ಳೆ ಏಳುತ್ತದೆ, ಸುಣ್ಣದ ಕಲ್ಲು ಅದು, ಟ್ಯಾಂಕಿಗೆ ಬೇಡ. ನೆಲಕ್ಕೆ ಹಾಕಿ ಉಳಿದ ಟೈಲ್ಸನ್ನು ಬೋರಲು ಇಟ್ಟರೆ ಸಾಕು. ಅರ್ಧದಷ್ಟು ನೀರು ಬದಲಿಸಿ, ಹೊಸ ನೀರು ಒಂದೆರಡು ಡಿಗ್ರಿ ತಣ್ಣಗಿದ್ದರೆ ಬೇಗ ಇಡುತ್ತವೆ.

ಹೊಸದಾಗಿ ಇಟ್ಟ ಆಸ್ಕರ್ ತತ್ತಿ ಬೆಳ್ಳಗೇ ಇರುತ್ತದೆ, ಕೆಟ್ಟಿದೆ ಎಂದು ಚೆಲ್ಲಬೇಡಿ. ಒಂದು ದಿನದಲ್ಲಿ ಪಾರದರ್ಶಕವಾದರೆ ಫಲಿಸಿದೆ. ಸುಣ್ಣದ ಬಿಳುಪಿಗೆ ತಿರುಗಿ ಬೂಷ್ಟಿನ ನೂಲು ಬಂದರೆ ಇಲ್ಲ. ಮೊದಲ ಒಂದೆರಡು ಸಲ ತತ್ತಿಯನ್ನು ತಾವೇ ತಿಂದುಬಿಡುವುದು ಸಾಮಾನ್ಯ. ಆದರೆ ನಾಲ್ಕೈದು ಸಲವೂ ಅಷ್ಟೂ ತತ್ತಿ ನೂಲು ಹಿಡಿದರೆ ಎರಡೂ ಹೆಣ್ಣಿರಬೇಕು. ಒಂದರ ಕೊಳವೆ ನೋಡಿ ಹೆಣ್ಣೆಂದು ಖಾತ್ರಿ ಮಾಡಿಕೊಂಡು, ಇನ್ನೊಂದನ್ನು ತೆಗೆದು, ಹೊಸ ಗಂಡನ್ನು ತೂತಿನ ಅಕ್ರಿಲಿಕ್ ಹಲಗೆಯ ಆಚೆ ವಾರವಾದರೂ ಇಟ್ಟು ಆಮೇಲೆ ಬಿಡಬೇಕು.