ಬಿಚ್ಚಬೇಡಿ, ಮೊದಲು ತೊಳೆಯಿರಿ: ಹಳೆ ಟೈಪ್‌ರೈಟರ್ ಮನೆಗೆ ತಂದವರಿಗೆ

ಕಲಬುರಗಿಯ ನೆಹರು ಗಂಜ್ ಹತ್ತಿರ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟ ಬೋರ್‌ವೆಲ್ ಮೋಟರ್, ಕೂಲರ್ ಮೋಟರ್, ದಾಲ್ ಮಿಲ್ಲಿನ ಮೋಟರ್ ಬರುತ್ತವೆ. ಟೈಪ್‌ರೈಟರ್ ನನ್ನ ಕಸುಬಲ್ಲ. ಏಳು ವರ್ಷದ ಹಿಂದೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಬಾಗಿಲು ಹಾಕಿತು. ಅಲ್ಲಿನ ಸರ್ ನಾಲ್ಕು ಫ್ಯಾನ್ ರಿವೈಂಡ್ ಮಾಡಿಸಿದ ಬಾಕಿ ಕೊಡಬೇಕಿತ್ತು. "ರೊಕ್ಕ ಇಲ್ಲೋ ತಮ್ಮಾ, ಇವೆರಡು ಮಷಿನ್ ಒಯ್ಯಿ" ಅಂದರು. ಎರಡೂ ಗೋದ್ರೆಜ್. ಒಂದರಲ್ಲಿ 'ಆರ್' ಒತ್ತಿದರೆ ಅಕ್ಷರದ ಕಡ್ಡಿ ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಈಗ ಮನೆಯಲ್ಲಿ ಒಂಬತ್ತು ಮಷಿನ್ ಇವೆ. ನಮ್ಮ ಮನೆಯಾಕೆಯ ಲೆಕ್ಕದಲ್ಲಿ ಎಂಟು ಜಾಸ್ತಿ.

ಆ 'ಆರ್' ಸರಿಮಾಡಲು ಹೋಗಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಿಗಿಯಾಗಿದೆ ಅಂದರೆ ಎಣ್ಣೆ ಬೇಕು ಅಂದುಕೊಂಡೆ. ಹೊಲಿಗೆ ಮಷಿನ್ ಎಣ್ಣೆಯ ಸೀಸೆ ತಗೊಂಡು ಅರ್ಧ ಸುರಿದೆ. ಎರಡು ದಿನ ಚೆನ್ನಾಗಿ ಓಡಿತು. ಅದು ಜನವರಿ, ಗಂಜ್ ಮಾರುಕಟ್ಟೆಗೆ ತೊಗರಿ ಬರುವ ಕಾಲ. ನಮ್ಮ ಕಡೆ ಆಗ ಬೇಳೆಯ ಹಳದಿ ಪುಡಿ ಗಾಳಿಯಲ್ಲೇ ತೇಲುತ್ತಿರುತ್ತದೆ. ತಿಂಗಳೊಳಗೆ ಎಣ್ಣೆ, ಪುಡಿ ಎರಡೂ ಸೇರಿ ಮಷಿನ್ ಒಳಗೆ ಝುಣಕ ತಯಾರಾಗಿತ್ತು. 'ಆರ್' ಒಂದೇ ಅಲ್ಲ, ಹತ್ತು ಅಕ್ಷರ ಮೇಲೆ ಹೋಗಿ ಕೂತವು.

ಕೆಟ್ಟಿದೆ ಅಂತ ಜನ ಮಾರುವ ಟೈಪ್‌ರೈಟರ್ ಬಹಳ ಸಲ ಕೆಟ್ಟಿರುವುದಿಲ್ಲ. ಕೊಳೆ ಹಿಡಿದಿರುತ್ತದೆ, ಅಷ್ಟೇ. ಸ್ಕ್ರೂ ಡ್ರೈವರ್ ಕೈಗೆ ಬರುವ ಮೊದಲು ಬ್ರಷ್ ಬರಬೇಕು.

ಮಷಿನ್ ಎಲ್ಲಿ ಸಿಗುತ್ತದೆ? ಮುಚ್ಚುತ್ತಿರುವ ಟೈಪಿಂಗ್ ಇನ್‌ಸ್ಟಿಟ್ಯೂಟ್, ಕೋರ್ಟ್ ಹೊರಗೆ ಬಾಂಡ್ ಟೈಪ್ ಮಾಡುತ್ತಿದ್ದವರ ಮನೆ, ಹಳೆ ಸಾಮಾನಿನ ಹರಾಜು, ಭಂಗಾರ್ (ಗುಜರಿ) ಅಂಗಡಿ. ಭಂಗಾರ್ ಅಂಗಡಿಯವರು ಕಬ್ಬಿಣದ ತೂಕಕ್ಕೆ ಲೆಕ್ಕ ಹಾಕುತ್ತಾರೆ. ಆಫೀಸ್ ಮಷಿನ್ ಹದಿನೈದು ಕಿಲೋ ಆಸುಪಾಸು ಇರುತ್ತದೆ, ನೀವೇ ಗುಣಿಸಿ ನೋಡಿ. "ಆಂಟಿಕ್ ಪೀಸ್" ಅನ್ನುವವರ ಹತ್ತಿರ ಹೋಗಲೇಬೇಡಿ.

ಶುರುಮಾಡುವವರಿಗೆ ನಾನು ಹೇಳುವುದು ಗೋದ್ರೆಜ್. ಆ ಕಂಪನಿ ಟೈಪ್‌ರೈಟರ್ ಮಾಡಲು ಶುರುಮಾಡಿದ್ದು 1955ರಲ್ಲಿ, ನಿಲ್ಲಿಸಿದ್ದು 2009ರಲ್ಲಿ. ಐವತ್ತು ವರ್ಷಕ್ಕೂ ಮೇಲೆ ಮಾಡಿದ್ದರಿಂದ ಊರೂರಲ್ಲಿ ಬಿದ್ದಿವೆ. ಒಂದು ಕೆಟ್ಟರೆ ಇನ್ನೊಂದರ ಭಾಗ ಸಿಗುತ್ತದೆ. ಇಟಲಿಯ ಒಲಿವೆಟ್ಟಿ ಲೆಟೆರಾ 32 ನೋಡಲು ಚಂದ, 1963ರದು, ಪೆಟ್ಟಿಗೆಯಲ್ಲಿ ಹಾಕಿ ಕೈಯಲ್ಲಿ ಹಿಡಿದು ಓಡಾಡಬಹುದು. ಆದರೆ ಅದರ ಒಂದು ಸ್ಪ್ರಿಂಗ್ ಹೋದರೆ ಕಲಬುರಗಿಯಲ್ಲಿ ಎಲ್ಲಿ ಹುಡುಕುತ್ತೀರಿ?

ನೋಡಲು ಹೋಗುವಾಗ ಎರಡು ಹಾಳೆ, ಒಂದು ಟಾರ್ಚ್ ಇಟ್ಟುಕೊಳ್ಳಿ. ಹಾಳೆ ಹಾಕಿ, ಕ್ಯಾರೇಜನ್ನು, ಅಂದರೆ ಹಾಳೆ ಹಿಡಿದು ಅತ್ತಿತ್ತ ಓಡುವ ಮೇಲಿನ ಭಾಗವನ್ನು, ಬಲಕ್ಕೆ ಎಳೆದು, ಸ್ಪೇಸ್ ಬಾರ್ ಒತ್ತುತ್ತಾ ಬನ್ನಿ. ಒಂದು ಸಲ ಒತ್ತಿದರೆ ಒಂದೇ ಹೆಜ್ಜೆ ಹೋಗಬೇಕು. ಎರಡು ಹೆಜ್ಜೆ ಹಾರಿದರೆ ಒಳಗಿನ ಹಲ್ಲಿನ ಚಕ್ರದಲ್ಲಿ ತೊಂದರೆ ಇದೆ. ಹೊಸಬರು ಅಂಥದ್ದನ್ನು ಬಿಡುವುದು ಒಳ್ಳೆಯದು. ಮೇಲಿನ ತುಕ್ಕು ಪರವಾಗಿಲ್ಲ, ಉಜ್ಜಿದರೆ ಹೋಗುತ್ತದೆ. ಕಡ್ಡಿಯ ತುದಿಯ ಅಕ್ಷರವೇ ಬಿದ್ದುಹೋಗಿದ್ದರೆ ಬೇಡ. ಕ್ಯಾರೇಜ್ ಅಲುಗಾಡುವುದೇ ಇಲ್ಲ ಅಂದರೆ ಬಹುಶಃ ಲಾಕ್ ಹಾಕಿರುತ್ತಾರೆ, ಬದಿಯಲ್ಲಿ ಪುಟ್ಟ ಹಿಡಿ ಇರುತ್ತದೆ. ಅದನ್ನು ಚೌಕಾಸಿ ಮುಗಿದ ಮೇಲೆ ತೆಗೆಯಿರಿ.

ಕೆಟ್ಟಿಲ್ಲದ್ದನ್ನು ಕೆಟ್ಟಿದೆ ಅಂದುಕೊಳ್ಳುವುದೂ ಇದೆ. ಒಂದು ಭಂಗಾರ್ ಅಂಗಡಿಯಲ್ಲಿ ರೆಮಿಂಗ್ಟನ್ ನೋಡಿದೆ. ಕೀ ಒತ್ತಿದರೆ ಕ್ಯಾರೇಜ್ ಉಲ್ಟಾ ಓಡುತ್ತಿತ್ತು, ಎಡದಿಂದ ಬಲಕ್ಕೆ. ಯಾರೋ ಸ್ಪ್ರಿಂಗ್ ತಿರುಗಿಸಿ ಹಾಕಿದ್ದಾರೆ ಅಂತ ನಾನು ದೊಡ್ಡ ಮೆಕ್ಯಾನಿಕ್ ಥರ ಹೇಳಿದೆ. ಅಂಗಡಿಯ ಚಾಚಾ ನಕ್ಕರು. "ಕೆಟ್ಟಿಲ್ಲ ಬೇಟಾ, ಅದು ಉರ್ದು ಅದ." ನಾಚಿಕೆಯಾಯಿತು. ನಿಜಾಮರ ಕಾಲದಲ್ಲಿ ನಮ್ಮ ಕಡೆ ಕಚೇರಿ ಭಾಷೆ ಉರ್ದುವೇ ಅಲ್ವಾ? ಬಲದಿಂದ ಬರೆಯುವ ಭಾಷೆಗೆ ಕ್ಯಾರೇಜ್ ಇನ್ನೊಂದು ಕಡೆಗೇ ಓಡಬೇಕು.

ಕನ್ನಡ ಮಷಿನ್‌ನಲ್ಲೂ ಹೀಗೇ. ಕೆಲವು ಕೀ ಒತ್ತಿದರೆ ಗುರುತು ಬೀಳುತ್ತದೆ, ಕ್ಯಾರೇಜ್ ಮಾತ್ರ ಮುಂದೆ ಹೋಗುವುದಿಲ್ಲ. ಅಕ್ಷರದ ಜೊತೆಗೇ ಕೂರಬೇಕಾದ ಗುರುತುಗಳಿಗೆ ಬೇಕೆಂದೇ ಹಾಗೆ ಮಾಡಿರುತ್ತಾರೆ. ಇಂಗ್ಲಿಷಿನ ಎಷ್ಟೋ ಹಳೆ ಮಷಿನ್‌ಗಳಲ್ಲಿ ಒಂದು ಅಂಕಿಯ ಕೀ ಇರುವುದೇ ಇಲ್ಲ, ಸಣ್ಣ 'ಎಲ್' ಅನ್ನೇ ಒಂದು ಅಂತ ಹೊಡೆಯುತ್ತಿದ್ದರು. ಕೀ ಕಳೆದಿದೆ ಅಂತ ಬೆಲೆ ಇಳಿಸಲು ನೋಡಬೇಡಿ, ನಗುತ್ತಾರೆ.

ಮನೆಗೆ ತರುವಾಗ ಕ್ಯಾರೇಜ್ ಹಿಡಿದು ಎತ್ತಬೇಡಿ. ಕೆಳಗಿನ ಚೌಕಟ್ಟಿಗೆ ಎರಡೂ ಕೈ ಹಾಕಿ. ಬೈಕ್ ಬೇಡ, ಆಟೋ ಮಾಡಿ, ತೊಡೆ ಮೇಲೆ ಇಟ್ಟುಕೊಳ್ಳಿ.

ಈಗ ತೊಳೆಯುವ ಕೆಲಸ. ಶುರುವಿಗೆ ಮುಂಚೆ ಎಲ್ಲ ಅಕ್ಷರ ಒಮ್ಮೆ ಹೊಡೆದು, ಆ ಹಾಳೆಯ ಮೇಲೆ ತಾರೀಖು ಬರೆದು ಇಡಿ. ಯಾವುದು ಅಂಟುತ್ತದೆ, ಯಾವುದು ಮಸುಕು, ಎಲ್ಲ ಅದರಲ್ಲೇ ಸಿಗುತ್ತದೆ. ಆಮೇಲೆ ರಿಬ್ಬನ್, ಅಂದರೆ ಶಾಯಿಯ ಪಟ್ಟಿ, ತೆಗೆಯಿರಿ. ಅದು ಸುತ್ತಿಕೊಂಡಿರುವ ಹಾದಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ, ಮೂರು ಕಡೆಯಿಂದ. ಮೊದಲ ಸಲ ನಾನು ತೆಗೆಯಲಿಲ್ಲ. ವಾಪಸ್ ಹಾಕಲು ಅರ್ಧ ದಿನ ಹೋಯಿತು.

ಒಣ ಧೂಳು ಮೊದಲು ಹೋಗಲಿ. ನನ್ನ ಹತ್ತಿರ ಮೋಟರ್ ಊದುವ ಬ್ಲೋವರ್ ಇದೆ, ಅಂಗಳಕ್ಕೆ ಒಯ್ದು ಊದುತ್ತೇನೆ. ಇಲ್ಲದಿದ್ದರೆ ಪೇಂಟ್ ಬ್ರಷ್ ಸಾಕು. ಒಂದು ಮಷಿನ್‌ನಿಂದ ಜೋಳದ ಕಾಳು, ಟಾಚಣಿ (ಗುಂಡುಸೂಜಿ), ಒಂದು ಕಿವಿಯೋಲೆಯ ತಿರುಪು ಬಿತ್ತು.

ಕೀಗಳ ಹಿಂದೆ, ಹಾಳೆ ಸುತ್ತುವ ರಬ್ಬರ್ ರೋಲರ್ ಮುಂದೆ ಅರ್ಧಚಂದ್ರದ ಆಕಾರದ ದಪ್ಪ ಲೋಹದ ತುಂಡು ಇದೆ. ಅದರ ತುಂಬ ಬಾಚಣಿಕೆಯಂಥ ಸೀಳು. ಒಂದೊಂದು ಸೀಳಿನಲ್ಲಿ ಒಂದೊಂದು ಅಕ್ಷರದ ಕಡ್ಡಿಯ ಬುಡ ಕೂತಿರುತ್ತದೆ. ರೋಗ ಇರುವುದು ಅಲ್ಲೇ. ಮಷಿನ್‌ನ ಹಿಂದಿನ ಎರಡು ಕಾಲಿನ ಕೆಳಗೆ ಏನಾದರೂ ಇಟ್ಟು ಮುಂದಕ್ಕೆ ಇಳಿಜಾರು ಮಾಡಿ. ನಾನು ಶಹಾಬಾದ್ ಕಲ್ಲಿನ ಎರಡು ಚೂರು ಇಡುತ್ತೇನೆ. ಕೆಳಗೆ ಹಳೆ ಬಟ್ಟೆ ಹಾಸಿ. ಇಳಿಜಾರು ಯಾಕೆ ಅಂದರೆ ಕೊಳೆನೀರು ರೋಲರ್ ಕಡೆ ಹೋಗಬಾರದು. ಟರ್ಪಂಟೈನ್ ತಾಗಿದರೆ ರಬ್ಬರ್ ಕೆಡುತ್ತದೆ.

ಪೇಂಟ್ ಅಂಗಡಿಯ ಟರ್ಪಂಟೈನ್ ಬಟ್ಟಲಿಗೆ ಸ್ವಲ್ಪ ಹಾಕಿ, ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ ಸೀಳುಗಳ ಮೇಲೆ ಉಜ್ಜಿ. ಉಜ್ಜುತ್ತಾ ಒಂದೊಂದೇ ಕೀ ಒತ್ತಿ, ಬಿಡಿ, ಒತ್ತಿ, ಬಿಡಿ. ಮೊದಲು ಕಂದು ಬಣ್ಣದ ನೀರು ಇಳಿಯುತ್ತದೆ, ಕಡಕ್ ಚಹಾದಂತೆ. ಹತ್ತು ನಿಮಿಷ ಬಿಟ್ಟು ಮತ್ತೆ ಉಜ್ಜಿ. ನನ್ನ 'ಆರ್' ನಾಲ್ಕನೇ ಸಲಕ್ಕೆ ಬಿಟ್ಟಿತು. ಮೊದಲು ಕಡ್ಡಿ ಮೇಲೆ ನಿಂತು, ಯೋಚನೆ ಮಾಡಿದಂತೆ ನಿಧಾನ ಇಳಿಯುತ್ತಿತ್ತು. ಆಮೇಲೆ ಟಪ್ ಅಂತ ಬಿತ್ತು. ಕೈಯಿಂದ ತಳ್ಳದೆ ತಾನಾಗೇ ಬೀಳಬೇಕು, ಅಲ್ಲಿಯವರೆಗೆ ಬಿಡಬೇಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒಂದು ಸಲ ಉಜ್ಜಿ ಒಣಗಲು ಬಿಡಿ. ಬಣ್ಣದ ಮೇಲೆ ಮಾತ್ರ ಅದು ಬೀಳದಿರಲಿ. ಕೆಲವು ಹಳೆ ಬಣ್ಣ ಏಳುತ್ತದೆ, ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ನೋಡಿ.

ಕೆಲವರು ಪೆಟ್ರೋಲ್ ಹಾಕುತ್ತಾರೆ. ನಾನು ಹಾಕುವುದಿಲ್ಲ. ಯಾವುದೇ ಹಾಕಿದರೂ ಬಾಗಿಲು ತೆಗೆದಿಡಿ, ಹತ್ತಿರ ಒಲೆ, ಬೀಡಿ ಬೇಡ.

ಅಕ್ಷರಗಳ ಮುಖದಲ್ಲಿ ಶಾಯಿ ಕಟ್ಟಿರುತ್ತದೆ. 'ಇ', 'ಒ', 'ಎ' ಹೊಟ್ಟೆ ತುಂಬಿ ಕರಿ ಚುಕ್ಕೆಯಾಗಿ ಬೀಳುತ್ತವೆ. ಬ್ರಷ್‌ನಲ್ಲಿ ಹೋಗದಿದ್ದರೆ ಟಾಚಣಿಯಿಂದ ಮೆಲ್ಲಗೆ ತೆಗೆಯಿರಿ. ಇಷ್ಟಾದ ಮೇಲೆ ಎಣ್ಣೆ ಎಲ್ಲಿಗೆ? ಕ್ಯಾರೇಜ್ ಓಡುವ ಹಳಿಗೆ ಎರಡು ಹನಿ, ಅದೂ ಬಟ್ಟೆಗೆ ಹಚ್ಚಿ ಒರೆಸಿದಂತೆ. ಸೀಳುಗಳಿಗೆ ಎಣ್ಣೆ ಬೇಡವೇ ಬೇಡ.

ರಿಬ್ಬನ್ ಇನ್ನೂ ಸಿಗುತ್ತದೆ, ಅರ್ಧ ಇಂಚು ಅಗಲದ್ದು, ಆನ್‌ಲೈನ್‌ನಲ್ಲಂತೂ ಇದೆ. ಹೊಸ ಪ್ಲಾಸ್ಟಿಕ್ ಸ್ಪೂಲ್ ನಿಮ್ಮ ಮಷಿನ್‌ಗೆ ಕೂರದಿದ್ದರೆ ಹಳೆ ತಗಡಿನ ಸ್ಪೂಲ್‌ಗೇ ಹೊಸ ರಿಬ್ಬನ್ ಸುತ್ತಿ. ಸುತ್ತುವುದು ನನ್ನ ಕಸುಬು, ಆದರೂ ಇದರಲ್ಲಿ ಸೋತಿದ್ದೇನೆ. ರಿಬ್ಬನ್‌ನ ಎರಡೂ ತುದಿಯ ಹತ್ತಿರ ಒಂದು ಪುಟ್ಟ ಲೋಹದ ಕಣ್ಣು ಇರುತ್ತದೆ. ಅದು ಬಂದು ತಾಗಿದಾಗಲೇ ರಿಬ್ಬನ್ ದಿಕ್ಕು ಬದಲಿಸುವುದು. ಉದ್ದ ಜಾಸ್ತಿಯಾಯಿತು ಅಂತ ತುದಿ ಕತ್ತರಿಸಿದೆ, ಕಣ್ಣೂ ಹೋಯಿತು. ರಿಬ್ಬನ್ ಕೊನೆಗೆ ಬಂದು ನಿಂತಿತು, ಅಕ್ಷರಗಳು ಒಂದೇ ಜಾಗಕ್ಕೆ ಹೊಡೆದು ತೂತು ಮಾಡಿದವು.

ಕ್ಯಾರೇಜ್ ಎಳೆಯುವ ದಾರ ಅಥವಾ ಪಟ್ಟಿ ತುಂಡಾಗುವುದು ಸಾಮಾನ್ಯ. ಹಿಂದೆ ಡಬ್ಬಿಯಂಥ ಚಕ್ರ ಇರುತ್ತದೆ, ಒಳಗೆ ಗಡಿಯಾರದಂಥ ಸ್ಪ್ರಿಂಗ್. ಕ್ಯಾರೇಜಿನ ತುದಿಯ ಕೊಂಡಿಗೂ ಇದಕ್ಕೂ ನಡುವೆ ಆ ದಾರ. ನಾನು ಮೋಟರ್ ಕಾಯಿಲ್ ಕಟ್ಟುವ ದಾರವನ್ನೇ ಹಾಕಿದ್ದೇನೆ, ಐದು ವರ್ಷವಾಯಿತು, ಇನ್ನೂ ಇದೆ. ದಾರ ಕಟ್ಟುವ ಮೊದಲು ಚಕ್ರವನ್ನು ಮೂರು ನಾಲ್ಕು ಸುತ್ತು ತಿರುಗಿಸಿ, ಬಿಗಿ ಬರಲಿ. ಕೈ ಮಾತ್ರ ಬಿಡಬೇಡಿ. ಒಮ್ಮೆ ಬಿಟ್ಟೆ, ಗರ್ರ್ ಅಂತ ಪೂರ್ತಿ ಬಿಚ್ಚಿಕೊಂಡು ಹೆಬ್ಬೆರಳಿಗೆ ಹೊಡೆಯಿತು. ಕ್ಯಾರೇಜ್ ಸಾಲಿನ ಕೊನೆಯ ಅಕ್ಷರದವರೆಗೆ ಹೋದರೆ ಅಷ್ಟು ಬಿಗಿ ಸಾಕು. ಜಾಸ್ತಿ ಬಿಗಿಸಿದರೆ ಹಲ್ಲಿನ ಚಕ್ರ ಸವೆಯುತ್ತದೆ.

ರೋಲರ್ ವಿಷಯದಲ್ಲಿ ನಾನು ಪೂರ್ತಿ ಗೆದ್ದಿಲ್ಲ. ನಮ್ಮ ಬಿಸಿಲಿಗೆ ರಬ್ಬರ್ ಕಲ್ಲಾಗುತ್ತದೆ, ಹಾಳೆ ಜಾರುತ್ತದೆ, ಹೊಡೆದಾಗ ಸದ್ದು ಜಾಸ್ತಿ. ನುಣ್ಣನೆಯ ಸ್ಯಾಂಡ್ ಪೇಪರ್‌ನಿಂದ ಮೆಲ್ಲಗೆ ಉಜ್ಜಿದರೆ ಹಿಡಿತ ಸ್ವಲ್ಪ ಬರುತ್ತದೆ. ಇಲ್ಲವೇ ಹಾಳೆಯ ಹಿಂದೆ ಇನ್ನೊಂದು ಹಾಳೆ ಸೇರಿಸಿ ಟೈಪ್ ಮಾಡಿ, ಸದ್ದೂ ಕಡಿಮೆ, ರೋಲರ್‌ಗೂ ಒಳ್ಳೆಯದು. ತಗಡಿನ ಶೆಡ್‌ನಲ್ಲಿ, ಮಾಳಿಗೆ ಮೇಲಿನ ಕೋಣೆಯಲ್ಲಿ ಮಷಿನ್ ಇಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಮನುಷ್ಯರೇ ನಿಲ್ಲಲಾಗದು. ಹೊದಿಸಲು ಹಳೆ ಲುಂಗಿ ಸಾಕು.

ಆ ಉರ್ದು ರೆಮಿಂಗ್ಟನ್ ಇನ್ನೂ ಚಾಚಾ ಅಂಗಡಿಯಲ್ಲೇ ಇದೆ. ಹೋದ ವಾರ ಎರಡು ಸಾವಿರಕ್ಕೆ ಕೇಳಿದೆ. "ಮೊದ್ಲು ಉರ್ದು ಕಲಿ, ಆಮ್ಯಾಲ ಬಾ" ಅಂದರು. ಲಾಕ್ ತೆಗೆದಿಟ್ಟು, ಒಂದು ಹಾಳೆ ಹಾಕಿ ಬಂದಿದ್ದೇನೆ.