ಆಲೆಮನೆ ಎಂಜಿನ್ನೂ ಹೆಲಿಕಾಪ್ಟರ್ ಹೆಡ್‌ಸೆಟ್ಟೂ

ಹೆಲಿಕಾಪ್ಟರ್ ಹಾರಿಸೋದು ಕಲಿಯಲೆಂದು ಸದ್ದಡಗಿಸುವ ಹೆಡ್‌ಸೆಟ್ ಕೊಂಡ ವಾರ ಊರಿಗೆ ಬಂದಿದ್ದೆ. ಪಾಂಡವಪುರದ ಹತ್ತಿರ ನಮ್ಮ ದೊಡ್ಡಪ್ಪನ ಆಲೆಮನೆಯಲ್ಲಿ ಗಾಣಕ್ಕೆ ಈಗಲೂ ಡೀಸೆಲ್ ಎಂಜಿನ್ನೇ. ಪಕ್ಕದಲ್ಲಿ ನಿಂತು ಹೆಡ್‌ಸೆಟ್ಟಿನ ಸ್ವಿಚ್ ಒತ್ತಿದೆ. ಎಂಜಿನ್ನಿನ ಡುಗುಡುಗು ಊರಾಚೆ ಹೋದಂತಾಯ್ತು. ಕಬ್ಬು ಲಟಲಟ ಮುರಿಯೋದು ಮಾತ್ರ ಸಣ್ಣಗೆ ಉಳಿಯಿತು. “ಏನ್ಲಾ ಮಗ, ಕಿವಿಗೆ ಬಾಣಲೆ ಕಟ್ಕಂಡ್ ನಿಂತಿದ್ದೀಯ?” ಅಂತ ದೊಡ್ಡಪ್ಪ ಅಂದದ್ದೂ ಕೇಳಿಸಿತು.

ಕಿವಿಬಟ್ಟಲೊಳಗಿನ ಪುಟ್ಟ ಮೈಕು ಸದ್ದನ್ನು ಹಿಡಿದರೆ, ಹೆಡ್‌ಸೆಟ್ ಅದಕ್ಕೆ ತದ್ವಿರುದ್ಧದ ಅಲೆ ಹೊರಡಿಸುತ್ತದೆ. ಉಬ್ಬಿಗೆ ತಗ್ಗು ಸೇರಿ ಸದ್ದು ಕುಗ್ಗುತ್ತದೆ. ಎಂಜಿನ್, ರೋಟರಿನ (ತಿರುಗುವ ರೆಕ್ಕೆಯ) ದಪ್ಪ ಸದ್ದಿಗೆ ಇದು ಸರಿ. ಕೀರಲು ಸದ್ದನ್ನು ತಡೆಯೋದು ಬಟ್ಟಲು ಮತ್ತು ಮೆತ್ತೆ. ಕನ್ನಡಕದ ಕಡ್ಡಿ ದಪ್ಪವಿದ್ದರೆ ಸಂದಿಯಲ್ಲಿ ಸದ್ದು ನುಗ್ಗುತ್ತದೆ, ತೆಳು ಕಡ್ಡಿಯದು ಮಾಡಿಸಿಕೊಳ್ಳಿ. ನೆತ್ತಿಯ ಮೇಲೆ ಗುಂಡಿ ಇರುವ ಟೋಪಿ ಬೇಡವೇ ಬೇಡ, ಹೆಡ್‌ಸೆಟ್ಟಿನ ಪಟ್ಟಿ ಅದನ್ನೇ ಒತ್ತುತ್ತದೆ.

ಕೊಳ್ಳುವ ಮುಂಚೆ ಪ್ಲಗ್ ಯಾವುದೆಂದು ತರಬೇತಿ ಶಾಲೆಯಲ್ಲಿ ಕೇಳಿ. ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ಜೋಡಿ ಪ್ಲಗ್. ಹೆಲಿಕಾಪ್ಟರಿಗೆ ಹೆಚ್ಚಾಗಿ ಯು-174 ಅನ್ನುವ ಒಂಟಿ ಪ್ಲಗ್. ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಕಲಿತ ಗೆಳೆಯನ ಹಳೇ ಹೆಡ್‌ಸೆಟ್ ಅಗ್ಗಕ್ಕೆ ಸಿಕ್ಕಿತೆಂದು ತಗೊಂಡು, ಅಡಾಪ್ಟರಿಗಾಗಿ ಅಲೆದಿದ್ದೇನೆ.

ಸೀಟಲ್ಲಿ ಕೂತ ಮೇಲೆ ಮೊದಲು ಮೆತ್ತೆ ಸರಿಮಾಡಿ, ಆಮೇಲೆ ಸ್ವಿಚ್. ಮೈಕು ತುಟಿಗೆ ತಾಗಿಯೂ ತಾಗದಂತಿರಲಿ. ರಾಬಿನ್ಸನ್ ಆರ್22 ಹೆಲಿಕಾಪ್ಟರಿನ ಸೈಕ್ಲಿಕ್, ಅಂದರೆ ದಿಕ್ಕು ತಿರುಗಿಸುವ ಹಿಡಿಯ ಗುಂಡಿಗೆ ಎರಡು ಹಂತ: ಅರ್ಧ ಒತ್ತಿದರೆ ಇಂಟರ್‌ಕಾಮ್ (ಒಳಗಿರುವವರ ಮಾತಿಗೆ), ಪೂರ್ತಿ ಒತ್ತಿದರೆ ರೇಡಿಯೊ. ಹೆದರಿಕೆಗೆ ಬೆರಳು ಬಿಗಿದು, “ಸರ್, ನೀವೇ ಹಿಡ್ಕೊಳ್ಳಿ” ಅನ್ನೋದನ್ನ ನಾನು ಟವರಿಗೆ ಕೇಳಿಸಿದ್ದೆ.

ಅದಕ್ಕಿಂತ ದೊಡ್ಡ ಎಡವಟ್ಟು ಬ್ಯಾಟರಿಯದು. ಐದನೆಯದೋ ಆರನೆಯದೋ ಪಾಠ, ನೆಲದಿಂದ ಆಳೆತ್ತರದಲ್ಲಿ ಹೋವರ್ ಮಾಡುತ್ತಿದ್ದೆ, ಅಂದರೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲಿಸಿದ್ದೆ. ಹೆಡ್‌ಸೆಟ್ಟಿನ ಸೆಲ್ ಸತ್ತಿತು. ಅಷ್ಟು ಹೊತ್ತು ದೂರವಿದ್ದ ಸದ್ದೆಲ್ಲ ಒಮ್ಮೆಗೇ ಕಿವಿಗೆ ಬಿತ್ತು. ಎಂಜಿನ್ನಿಗೇ ಏನೋ ಆಯ್ತೆಂದು ಕಲೆಕ್ಟಿವ್ (ಹೆಲಿಕಾಪ್ಟರನ್ನು ಏರಿಸುವ, ಇಳಿಸುವ ಹಿಡಿ) ಎಳೆದುಬಿಟ್ಟೆ. ಗುರುಗಳು ಹಿಡಿಯದಿದ್ದರೆ ಕಥೆ ಬೇರೆ. ಆಮೇಲೆ ಅವರೇ ಒಂದು ರೂಢಿ ಮಾಡಿಸಿದರು: ಪ್ರತಿ ಪಾಠದಲ್ಲೂ ಐದು ನಿಮಿಷ, ಅವರಿಗೆ ಹೇಳಿ, ಹೆಡ್‌ಸೆಟ್ಟಿನ ಸದ್ದಡಗಿಸುವ ಸ್ವಿಚ್ ಆರಿಸಿ ಹಾರುವುದು. ರೋಟರಿನ ನಿಜವಾದ ದನಿ ಆಗಲೇ ಪರಿಚಯವಾದದ್ದು. ನೀವೂ ಕೇಳಿ ಮಾಡಿಸಿಕೊಳ್ಳಿ.

ಹಾರುವ ಮುಂಚಿನ ತಪಾಸಣೆಯಲ್ಲಿ ಕಲೆಕ್ಟಿವ್ ತುಸು ಎತ್ತಿ ಆರ್‌ಪಿಎಂ (ರೋಟರ್ ತಿರುಗುವ ವೇಗ) ಇಳಿಸುತ್ತಾರೆ, ಆರ್22ರಲ್ಲಿ ಅದು ಶೇ. 97ರ ಹತ್ತಿರ ಬಂದಾಗ ಎಚ್ಚರಿಕೆಯ ಹಾರ್ನ್ ಬಡಿದುಕೊಳ್ಳಬೇಕು, ದೀಪ ಹತ್ತಬೇಕು. ನಿಮ್ಮ ಯಂತ್ರದ ಹಾರ್ನ್ ಹೆಡ್‌ಸೆಟ್ಟಿನೊಳಗೇ ಬರುತ್ತದೋ, ಹೊರಗಿನಿಂದಲೋ ಕೇಳಿ ತಿಳಿಯಿರಿ. ಸದ್ದಡಗಿಸುವ ಸ್ವಿಚ್ ಹಾಕಿಯೇ ಅದನ್ನು ಕೇಳಿಸಿಕೊಳ್ಳಿ. ಕೇಳಿಸದಿದ್ದರೆ ಅವತ್ತು ಹಾರಬೇಡಿ. ಕೇಳಿಸಿದರೂ ಕಣ್ಣು ಮೀಟರಿನ ಮೇಲಿರಲಿ, ಮೊದಲು ಕಿವಿಗೆ ತಿಳಿಯುತ್ತಿದ್ದ ಏರಿಳಿತ ಈಗ ಅಷ್ಟು ತಿಳಿಯುವುದಿಲ್ಲ.

ಬೇಸಿಗೆಯಲ್ಲಿ ಬಾಗಿಲು ಕಳಚಿ ಹಾರುತ್ತಾರೆ. ಅವತ್ತು ಮೈಕಿನ ಸ್ಪಂಜು ಭದ್ರವಾಗಿದೆಯೇ ನೋಡಿ, ವೈರು ಸಡಿಲ ಬಿಡಬೇಡಿ, ಹೆಚ್ಚುವರಿ ಸೆಲ್ ಜಿಪ್ ಇರುವ ಜೇಬಿನಲ್ಲಿರಲಿ. ಹೊರಗೆ ಹಾರಿದ್ದು ಬಾಲದ ರೋಟರಿಗೆ ಬಡಿಯಬಹುದು.